ಹೃದಯದ ಕಾಯಿಲೆ, ಸ್ಟೇಜ್ ಬಿ2 ಅಂದರು. ನಮ್ಮ ನಾಯಿ ಚಿನ್ನಿಗೆ ಇನ್ನೆಷ್ಟು ಕಾಲ ಅಂತ ಯಾರಾದರೂ ಹೇಳಬಹುದಾ?

ಚಿನ್ನಿಯ_ಅಕ್ಕ, ತುಮಕೂರು

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಚಿನ್ನಿಗೆ ಈಗ 11 ವರ್ಷ. ಬೀದಿಯವರೆಲ್ಲ ಪಾಮೇರಿಯನ್ ಅಂತಾರೆ, ಆದರೆ ಅವಳು ನಮ್ಮ ಕಡೆ ಎಲ್ಲಾ ಮನೆಯಲ್ಲೂ ಇರುವ ಬಿಳಿ ಸ್ಪಿಟ್ಜ್. ತೂಕ 8 ಕೆಜಿ. ರೇಬೀಸ್ ಲಸಿಕೆ ಹಾಕಿಸಲು ಹೋದಾಗ ಡಾಕ್ಟರ್ ಎದೆ ಮೇಲೆ ಸ್ಟೆತೊಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ. ಆಮೇಲೆ, ಮರ್ಮರ್ (ಹೃದಯದಲ್ಲಿ ಅಸಹಜ ಶಬ್ದ) ಕೇಳಿಸುತ್ತಿದೆ, 6ರಲ್ಲಿ 4ನೇ ಗ್ರೇಡ್, ಬೆಂಗಳೂರಿಗೆ ಹೋಗಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಅಂದರು. ಮಾಡಿಸಿದೆವು.

ರಿಪೋರ್ಟಿನಲ್ಲಿ ಇದ್ದದ್ದನ್ನು ಹಾಗೇ ಬರೆಯುತ್ತೇನೆ. ಎಲ್‌ಎ-ಎಒ ಅನುಪಾತ (ಹೃದಯದ ಎಡ ಮೇಲಿನ ಕೋಣೆಯನ್ನು ಮಹಾಪಧಮನಿಗೆ ಹೋಲಿಸಿದ್ದು) 1.72. ಎಡ ವೆಂಟ್ರಿಕಲ್ (ಕೆಳಗಿನ ಕೋಣೆ) ಹಿಗ್ಗಿದಾಗಿನ ಅಳತೆ 33 ಮಿಮೀ, ತೂಕಕ್ಕೆ ಹೊಂದಿಸಿದರೆ 1.79. ಎಕ್ಸ್‌ರೇಯಲ್ಲಿ ವಿಎಚ್‌ಎಸ್ (ಹೃದಯದ ಗಾತ್ರದ ಅಂಕ) 11.2. ಇ-ವೇವ್ (ಮೇಲಿನ ಕೋಣೆಯಿಂದ ರಕ್ತ ಕೆಳಕ್ಕೆ ನುಗ್ಗುವ ವೇಗ) ಸೆಕೆಂಡಿಗೆ 1.05 ಮೀಟರ್. ಶ್ವಾಸಕೋಶದಲ್ಲಿ ನೀರಿಲ್ಲ, ಶ್ವಾಸಕೋಶದ ರಕ್ತನಾಳಗಳ ಒತ್ತಡ ಅಂದರೆ ಪಲ್ಮನರಿ ಹೈಪರ್‌ಟೆನ್ಷನ್ ಇಲ್ಲ. ಕೊನೆಗೆ ‘ಎಂಎಂವಿಡಿ, ಸ್ಟೇಜ್ ಬಿ2’ ಅಂತ ಬರೆದಿದ್ದಾರೆ, ಅಂದರೆ ಹೃದಯದ ಮೈಟ್ರಲ್ ವಾಲ್ವಿನ ಕಾಯಿಲೆಯಂತೆ. ಬೆಳಿಗ್ಗೆ ಸಂಜೆ ಪಿಮೊಬೆಂಡಾನ್ ಅನ್ನುವ ಹೃದಯದ ಮಾತ್ರೆ ಕೊಡುತ್ತಿದ್ದೇವೆ.

ನಾಯಿ ನೋಡಿದರೆ ಏನೂ ಆಗಿಲ್ಲ. ಕೆಮ್ಮಿಲ್ಲ, ಸುಸ್ತಿಲ್ಲ. ಕಾಂಪೌಂಡ್ ಮೇಲೆ ಅಳಿಲು ಬಂದರೆ ಈಗಲೂ ಓಡಿಸಿಕೊಂಡು ಹೋಗುತ್ತಾಳೆ.

ಡಾಕ್ಟರನ್ನು ‘ಎಷ್ಟು ಕಾಲ ಇರುತ್ತಾಳೆ’ ಅಂತ ಕೇಳಿದರೆ ‘ಹೇಳಕ್ಕಾಗಲ್ಲಮ್ಮ, ನೋಡೋಣ’ ಅಂದರು. ಮನೆಗೆ ಬಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಒಂದು ಕಡೆ 9 ತಿಂಗಳು ಅಂತಿದೆ. ಇನ್ನೊಂದು ಕಡೆ 3 ವರ್ಷದ ಮೇಲೆ. ಮತ್ತೊಂದರಲ್ಲಿ ಈ ಕಾಯಿಲೆ ಇದ್ದ ಎಷ್ಟೋ ನಾಯಿಗಳು ಬೇರೇನೋ ಆಗಿ ವಯಸ್ಸಾಗಿ ಸಾಯುತ್ತವೆ ಅಂತ. ಒಂದೇ ಕಾಯಿಲೆಗೆ ಮೂರು ಉತ್ತರ ಹೇಗೆ ಬರುತ್ತದೆ?

ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ನನಗೆ ಜರ್ಮನಿಯಲ್ಲಿ ಒಂದು ವರ್ಷದ ಕೆಲಸ ಸಿಕ್ಕಿದೆ. ಹೋದರೆ ಚಿನ್ನಿ ಅಪ್ಪ ಅಮ್ಮನ ಹತ್ತಿರ ಇರುತ್ತಾಳೆ. ಇಬ್ಬರಿಗೂ 60 ದಾಟಿದೆ. ಹೋಗಲಾ ಬೇಡವಾ ಅನ್ನುವುದಕ್ಕೆ ಏನಾದರೂ ಒಂದು ಅಂದಾಜು ಬೇಕು. ಗೊತ್ತಿದ್ದವರು ಹೇಳಿ.


ಹೆಬ್ಬಾಳದ_ಹಳೇಹುಡುಗ

ನಾನು ಪಶುವೈದ್ಯ, ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದಿದವನು, ಈಗ ನಾಯಿ ಬೆಕ್ಕುಗಳನ್ನೇ ಜಾಸ್ತಿ ನೋಡುತ್ತೇನೆ. ನಿಮ್ಮ ನಾಯಿಯನ್ನು ನೋಡದೆ ಭವಿಷ್ಯ ಹೇಳಲ್ಲ. ಆದರೆ ಮೂರು ಉತ್ತರ ಎಲ್ಲಿಂದ ಬಂದವು ಅನ್ನುವುದನ್ನು ಬಿಡಿಸಿ ಹೇಳಬಹುದು. ಮೂರೂ ಸುಳ್ಳಲ್ಲ. ಮೂರೂ ಬೇರೆ ಬೇರೆ ನಾಯಿಗಳ ಬಗ್ಗೆ.

ಮೊದಲು ಕಾಯಿಲೆ. ಹೃದಯದ ಎಡಗಡೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವುದು ಮೈಟ್ರಲ್ ವಾಲ್ವ್. ವಯಸ್ಸಾದ ಚಿಕ್ಕ ತಳಿಗಳಲ್ಲಿ ಅದರ ಅಂಚು ದಪ್ಪ ಆಗಿ ಗಂಟು ಗಂಟಾಗುತ್ತದೆ, ಮಳೆಗಾಲದಲ್ಲಿ ಉಬ್ಬಿದ ಬಾಗಿಲಿನ ಹಾಗೆ ಚೌಕಟ್ಟಿಗೆ ಸರಿಯಾಗಿ ಕೂರುವುದಿಲ್ಲ. ಪ್ರತಿ ಬಡಿತಕ್ಕೂ ಸ್ವಲ್ಪ ರಕ್ತ ಹಿಂದಕ್ಕೆ ಚಿಮ್ಮುತ್ತದೆ. ಡಾಕ್ಟರಿಗೆ ಕೇಳಿಸಿದ ಶಬ್ದ ಅದೇ. ಹಿಂದಕ್ಕೆ ಬಂದ ರಕ್ತ ಮೇಲಿನ ಕೋಣೆಯನ್ನು ಹಿಗ್ಗಿಸುತ್ತಾ ಹೋಗುತ್ತದೆ. ಹಿಗ್ಗಿ ತಾಳಿಕೊಳ್ಳುವಷ್ಟು ದಿನ ನಾಯಿ ಆರಾಮಾಗಿರುತ್ತದೆ. ತಾಳಲಾರದ ದಿನ ಒತ್ತಡ ಶ್ವಾಸಕೋಶಕ್ಕೆ ತಿರುಗಿ ಅಲ್ಲಿ ನೀರು ತುಂಬುತ್ತದೆ. ಅದೇ ಹಾರ್ಟ್ ಫೇಲ್ಯೂರ್.

ಈಗ ಸ್ಟೇಜ್. ಅಮೆರಿಕದ ಎಸಿವಿಐಎಂ ಅನ್ನುವ ತಜ್ಞರ ಸಂಘ 2009ರಲ್ಲಿ ಒಂದು ವಿಂಗಡಣೆ ಮಾಡಿ 2019ರಲ್ಲಿ ಅದನ್ನು ತಿದ್ದಿತು. ಎಲ್ಲರೂ ಬಳಸುವುದು ಅದನ್ನೇ. ಶಬ್ದ ಇದ್ದು ಹೃದಯ ದೊಡ್ಡದಾಗಿಲ್ಲ ಅಂದರೆ, ಅಥವಾ ದೊಡ್ಡದಾಗಿದ್ದರೂ ಗೆರೆ ಮುಟ್ಟುವಷ್ಟು ಅಲ್ಲ ಅಂದರೆ, ಬಿ1. ಗೆರೆ ದಾಟಿದ್ದರೆ ಬಿ2. ನೀರು ತುಂಬಿದ್ದರೆ, ಅಥವಾ ಒಮ್ಮೆ ತುಂಬಿ ಔಷಧಿಯಿಂದ ಇಳಿದಿದ್ದರೆ ಸಿ. ಮಾಮೂಲಿ ಔಷಧಿಗೆ ಬಗ್ಗದಿದ್ದರೆ ಡಿ. ಬಿ2 ಅನ್ನಲು ಎಲ್‌ಎ-ಎಒ 1.6 ಅಥವಾ ಜಾಸ್ತಿ, ತೂಕಕ್ಕೆ ಹೊಂದಿಸಿದ ವೆಂಟ್ರಿಕಲ್ ಅಳತೆ 1.7 ಅಥವಾ ಜಾಸ್ತಿ, ವಿಎಚ್‌ಎಸ್ 10.5ಕ್ಕಿಂತ ಮೇಲೆ, ಮರ್ಮರ್ 3ನೇ ಗ್ರೇಡ್ ಅಥವಾ ಜಾಸ್ತಿ ಇರಬೇಕು. ಚಿನ್ನಿ ನಾಲ್ಕನ್ನೂ ದಾಟಿದ್ದಾಳೆ, ಆದರೆ ಬಹಳ ದೂರ ಏನೂ ಹೋಗಿಲ್ಲ.

ನೀವು ಓದಿದ 9 ತಿಂಗಳು ಬಹುಶಃ ಕ್ವೆಸ್ಟ್ ಅನ್ನುವ 2008ರ ಅಧ್ಯಯನದ್ದು. ಅದರಲ್ಲಿ ಇದ್ದದ್ದು ಆಗಲೇ ಫೇಲ್ಯೂರ್ ಆದ ನಾಯಿಗಳು, ಅಂದರೆ ಸಿ ಮತ್ತು ಅದರಾಚೆ. ಪಿಮೊಬೆಂಡಾನ್ ತೆಗೆದುಕೊಂಡವುಗಳ ಮೀಡಿಯನ್, ಅಂದರೆ ಅರ್ಧ ನಾಯಿಗಳು ದಾಟಿದ ಅವಧಿ, 267 ದಿನ, ಬೆನಜೆಪ್ರಿಲ್ ಅನ್ನುವ ಇನ್ನೊಂದು ಔಷಧಿ ತೆಗೆದುಕೊಂಡವುಗಳದ್ದು 140 ದಿನ. ಚಿನ್ನಿ ಆ ಗುಂಪಿನವಳೇ ಅಲ್ಲ. ಮೂರು ವರ್ಷದ ಮೇಲೆ ಅನ್ನುವುದು 2016ರ ಎಪಿಕ್ ಅಧ್ಯಯನದ್ದು, ಅದು ಬಿ2 ನಾಯಿಗಳ ಮೇಲೆ ಮಾಡಿದ್ದು. ವಯಸ್ಸಾಗಿ ಬೇರೇನೋ ಆಗಿ ಹೋಗುತ್ತವೆ ಅನ್ನುವುದು ಬಿ1 ನಾಯಿಗಳಿಗೆ ಜಾಸ್ತಿ ಅನ್ವಯಿಸುತ್ತದೆ. ಆದರೆ ಬಿ2ನಲ್ಲೂ ಎಷ್ಟೋ ನಾಯಿಗಳ ಕತೆ ಅದೇ.

ಇನ್ನೊಂದು ಮಾತು, 1.79 ಅನ್ನುವ ಸಂಖ್ಯೆ ಬಗ್ಗೆ. ಅದನ್ನು ಮಷಿನ್ ಹೇಳಿತು ಅಂತ ಬಿಡಬೇಡಿ, ನೀವೇ ನೋಡಬಹುದು. 33 ಮಿಮೀ ಅಂದರೆ 3.3 ಸೆಂಮೀ. ಅದನ್ನು ತೂಕದ 0.294 ಘಾತದಿಂದ ಭಾಗಿಸಬೇಕು. 8 ಕೆಜಿಗೆ ಅದು ಸುಮಾರು 1.84. ಭಾಗಿಸಿದರೆ 1.79. ಈಗ ಅದೇ ಚಿನ್ನಿ ಬಿಸ್ಕೆಟ್ ತಿಂದು 9.5 ಕೆಜಿ ಆಗಿದ್ದಳು ಅಂದುಕೊಳ್ಳಿ. ಹೃದಯ ಒಂದು ಮಿಲಿಮೀಟರೂ ಬದಲಾಗಿಲ್ಲ, ಆದರೂ ಉತ್ತರ 1.70ಕ್ಕೆ ಇಳಿಯುತ್ತದೆ. ತೂಕ ಅಂದಾಜಿಗೆ ಬರೆದ ರಿಪೋರ್ಟನ್ನು ನಂಬಬೇಡಿ ಅನ್ನುವುದು ಇದಕ್ಕೇ. ಎಕೋ ದಿನವೇ ತೂಕ ಹಾಕಿಸಿ.

ವಿಎಚ್‌ಎಸ್ ಕೂಡ ಹಾಗೇ. ಬುಕಾನನ್ ಅನ್ನುವವರು 1995ರಲ್ಲಿ ಕೊಟ್ಟ ವಿಧಾನ ಅದು. ಎಕ್ಸ್‌ರೇಯಲ್ಲಿ ಹೃದಯದ ಉದ್ದ ಅಗಲ ಅಳೆದು, ಆ ಅಳತೆಗಳನ್ನು ಬೆನ್ನಿನ 4ನೇ ಮೂಳೆಯಿಂದ ಹಿಡಿದು ಎಷ್ಟು ಮೂಳೆ ಉದ್ದ ಅಂತ ಎಣಿಸಿ ಕೂಡುವುದು. ಸಾಮಾನ್ಯ ಮಿತಿ 10.5. ಆದರೆ ತಳಿಯಿಂದ ತಳಿಗೆ ವ್ಯತ್ಯಾಸ ಇದೆ, ಪಗ್‌ಗಳಲ್ಲಿ ಏನೂ ಕಾಯಿಲೆ ಇಲ್ಲದೆಯೂ ಸರಾಸರಿ 10.7 ಬರುತ್ತದೆ. ಅದಕ್ಕೇ ಒಂದು ಎಕ್ಸ್‌ರೇಗಿಂತ ಆರು ತಿಂಗಳು ಬಿಟ್ಟು ತೆಗೆದ ಎರಡನೆಯದು ಹೆಚ್ಚು ಮಾತಾಡುತ್ತದೆ. ಈ ಕಾಯಿಲೆಯಲ್ಲಿ ಹೃದಯ ವರ್ಷಗಟ್ಟಲೆ ನಿಧಾನ ಬೆಳೆದು, ಫೇಲ್ಯೂರಿಗೆ ಮುಂಚಿನ 6ರಿಂದ 12 ತಿಂಗಳಲ್ಲಿ ವೇಗ ಹಿಡಿಯುತ್ತದೆ. ಮುಂದೇನು ಅಂತ ಹೇಳುವುದರಲ್ಲಿ ಆ ವೇಗವೇ ಮುಖ್ಯ. ನಿಮ್ಮ ಹತ್ತಿರ ಈಗ ಇರುವುದು ಒಂದೇ ಅಳತೆ. ನಿಮ್ಮ ಡಾಕ್ಟರ್ ‘ನೋಡೋಣ’ ಅಂದದ್ದು ಜಾರಿಕೊಳ್ಳಲು ಅಲ್ಲ.


ಲೆಕ್ಕದ_ಮೇಷ್ಟ್ರು, ಮೈಸೂರು

ನಾನು ಡಾಕ್ಟರ್ ಅಲ್ಲ, ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತೇನೆ. ಮನೆಯಲ್ಲಿ ಒಂದು ಲಾಸಾ ಇದೆ, ಅದಕ್ಕೂ ಇದೇ ಕಾಯಿಲೆ, ಹಾಗಾಗಿ ಎಪಿಕ್ ಪೇಪರನ್ನು ಕೂತು ಓದಿದ್ದೆ. ಜನ ಅದರ ಒಂದೇ ಸಂಖ್ಯೆಯನ್ನು ಹಿಡಿದುಕೊಂಡು ಓಡಾಡುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

360 ನಾಯಿಗಳು, 11 ದೇಶ. ಎಲ್ಲಕ್ಕೂ 6 ವರ್ಷ ಆಗಿತ್ತು, ತೂಕ 4.1ರಿಂದ 15 ಕೆಜಿ ಒಳಗೆ. ಅರ್ಧಕ್ಕೆ ಪಿಮೊಬೆಂಡಾನ್, ಅರ್ಧಕ್ಕೆ ಅದೇ ರೀತಿ ಕಾಣುವ ಖಾಲಿ ಮಾತ್ರೆ. ಔಷಧಿ ಗುಂಪಿಗೆ ಮೀಡಿಯನ್ 1228 ದಿನ, ಖಾಲಿ ಮಾತ್ರೆ ಗುಂಪಿಗೆ 766 ದಿನ. ಸುಮಾರು 15 ತಿಂಗಳ ವ್ಯತ್ಯಾಸ. ಫಲ ಅಷ್ಟು ಸ್ಪಷ್ಟವಾಗಿ ಕಂಡಿದ್ದರಿಂದ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು.

ಈಗ ಗಮನಿಸಿ. 1228 ದಿನ ಅಂದರೆ ಬದುಕಿದ ದಿನ ಅಲ್ಲ! ಹಾರ್ಟ್ ಫೇಲ್ಯೂರ್ ಶುರುವಾಗುವವರೆಗಿನ, ಅಥವಾ ಹೃದಯದ ಕಾರಣಕ್ಕೆ ಸಾಯುವವರೆಗಿನ ದಿನ. ಫೇಲ್ಯೂರ್ ಶುರುವಾದ ಮೇಲೂ ನಾಯಿ ಔಷಧಿಯ ಮೇಲೆ ಇರುತ್ತದೆ ಅಲ್ವಾ. ಹಾಗಾದರೆ ಬದುಕಿದ ದಿನ ಇನ್ನೂ ಜಾಸ್ತಿ ಇರಬೇಕು ಅನಿಸುತ್ತದೆ. ಆದರೆ ಯಾವ ಕಾರಣಕ್ಕಾದರೂ ಸರಿ, ಸಾವಿನವರೆಗೆ ಎಣಿಸಿದಾಗ ಬಂದ ಮೀಡಿಯನ್ 1059 ದಿನ ಮತ್ತು 902 ದಿನ. ಕಡಿಮೆ ಆಯಿತು! ನಾನು ಮೊದಲ ಸಲ ಓದಿದಾಗ ಮುದ್ರಣದ ತಪ್ಪು ಅಂದುಕೊಂಡೆ. ತಪ್ಪಲ್ಲ. ಮೊದಲಿನ ಲೆಕ್ಕದಲ್ಲಿ ಕ್ಯಾನ್ಸರ್ ಆಗಿಯೋ ಕಿಡ್ನಿ ಹೋಗಿಯೋ ಸತ್ತ ನಾಯಿ ‘ಹೃದಯದ ಘಟನೆ ಇನ್ನೂ ಆಗಿಲ್ಲ’ ಅಂತ ಪಕ್ಕಕ್ಕೆ ಸರಿಯುತ್ತದೆ. ಎರಡನೆಯದರಲ್ಲಿ ಆ ಸಾವೂ ಎಣಿಕೆಗೆ ಬರುತ್ತದೆ. ಅಂದರೆ ಇಷ್ಟು: ಇವು ಮುದಿ ನಾಯಿಗಳು, ಹೃದಯ ಒಂದೇ ಅಲ್ಲ ಅವುಗಳ ಮೇಲೆ ಕಣ್ಣಿಟ್ಟಿರುವುದು. 11 ವರ್ಷದ ಚಿನ್ನಿಗೆ ಹಲ್ಲು, ಕಿಡ್ನಿ, ಗರ್ಭಕೋಶದ ಚೆಕಪ್ ಕೂಡ ಈ ಭವಿಷ್ಯದ ಭಾಗವೇ. (ಗರ್ಭಕೋಶ ತೆಗೆಸಿದ್ದೀರಾ? ತೆಗೆಸಿಲ್ಲದಿದ್ದರೆ ಡಾಕ್ಟರನ್ನು ಕೇಳಿ.)

ಮೀಡಿಯನ್ ಬಗ್ಗೆಯೂ ಒಂದು ಮಾತು. ಅರ್ಧ ನಾಯಿಗಳು ಅದಕ್ಕಿಂತ ಮುಂಚೆ, ಅರ್ಧ ಅದರ ನಂತರ. ಮುಂಚಿನ ಅರ್ಧದಲ್ಲಿ ಎರಡು ತಿಂಗಳಿಗೇ ಫೇಲ್ಯೂರ್ ಆಗುವ ನಾಯಿಯೂ ಇರಬಹುದು. ಅದು ಗಡುವು ಅಲ್ಲ. ನಿಮ್ಮ ಪ್ರಶ್ನೆ ಇರುವುದು ಒಂದು ವರ್ಷದ ಬಗ್ಗೆ. ಖಾಲಿ ಮಾತ್ರೆ ತಿಂದ ಬಿ2 ನಾಯಿಗಳಲ್ಲೇ ಅರ್ಧದಷ್ಟು ಎರಡು ವರ್ಷ ದಾಟಿವೆ, ಚಿನ್ನಿ ಔಷಧಿಯ ಮೇಲಿದ್ದಾಳೆ, ಅಳತೆಗಳು ಗೆರೆಯ ಹತ್ತಿರವೇ ಇವೆ. ನೀವು ಹಿಂದಿರುಗುವಾಗ ಅವಳು ಇದೇ ಸ್ಟೇಜಿನಲ್ಲಿ ಇರುವ ಸಾಧ್ಯತೆಯೇ ಜಾಸ್ತಿ. ಖಚಿತ ಅಲ್ಲ, ಜಾಸ್ತಿ. ಪಂದ್ಯ ಕಟ್ಟು ಅಂದರೆ ನಾನು ಆ ಕಡೆಗೇ ಕಟ್ಟುತ್ತೇನೆ.


ಉದ್ದನಾಯಿ_ಹುಬ್ಬಳ್ಳಿ

ಮೇಷ್ಟ್ರು ಹೇಳಿದ್ದು ಸರಿ, ಆದರೆ ಪೇಪರಿನ ನಾಯಿಗಳಿಗೆ ಚಕ್ಕುಲಿ ಕೊಡುವ ಅಜ್ಜಿ ಇರಲಿಲ್ಲ 😄

ನಮ್ಮದು ಡ್ಯಾಶ್‌ಹುಂಡ್. ಬಿ2ನಲ್ಲಿ ಎರಡು ವರ್ಷದ ಮೇಲೆ ಇದ್ದ. ಆಮೇಲೆ ಸಿ ಗೆ ಹೋದ, ಅಲ್ಲೂ ಒಂದು ವರ್ಷದ ಹತ್ತಿರ ಇದ್ದ. ಇದನ್ನು ನೋಡಿ ನಿಮ್ಮದೂ ಹೀಗೇ ಅಂತ ತಿಳಿಯಬೇಡಿ. ಪಕ್ಕದ ಓಣಿಯ ಸ್ಪಿಟ್ಜ್, ನಮ್ಮವನಿಗಿಂತ ಒಳ್ಳೇ ರಿಪೋರ್ಟ್ ಇದ್ದದ್ದು, ಒಂದು ರಾತ್ರಿ ಒಳಗೆ ವಾಲ್ವಿನ ದಾರ ಹರಿದು ಬೆಳಗಾಗುವಷ್ಟರಲ್ಲಿ ಎಮರ್ಜೆನ್ಸಿ ಆಗಿತ್ತು. ವಾಲ್ವನ್ನು ಹಿಡಿದಿಡುವ ಸಣ್ಣ ಸಣ್ಣ ದಾರ ಇರುತ್ತವಂತೆ. ದೊಡ್ಡ ದಾರ ಹರಿದರೆ ಎಲ್ಲಾ ಲೆಕ್ಕ ತಲೆಕೆಳಗು.

ನಾನು ಹೇಳಬೇಕಾಗಿದ್ದು ಉಸಿರಾಟದ ಬಗ್ಗೆ. ಇದೊಂದನ್ನು ಅಪ್ಪ ಅಮ್ಮನಿಗೆ ಕಲಿಸಿ ಹೋಗಿ, ಬೇರೆ ಎಲ್ಲಾ ಆಮೇಲೆ. ನಾಯಿ ಗಾಢವಾಗಿ ಮಲಗಿದಾಗ ಪಕ್ಕೆ ನೋಡಬೇಕು. ಮೇಲೆ ಹೋಗಿ ಕೆಳಗೆ ಬಂದರೆ ಒಂದು. 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಕನಸು ಕಾಣುತ್ತಾ ಕಾಲು ಅದುರಿಸುತ್ತಿದ್ದರೆ ಎಣಿಸಬೇಡಿ, ಬಿಸಿಲಲ್ಲಿ ನಾಲಿಗೆ ಚಾಚಿ ಏದುಸಿರು ಬಿಡುವಾಗಲೂ ಬೇಡ. ನಿಮಿಷಕ್ಕೆ 30ರ ಒಳಗೆ ಇರಬೇಕು, ಆರಾಮಾಗಿರುವ ಎಷ್ಟೋ ನಾಯಿಗಳದ್ದು 20ರ ಆಸುಪಾಸು. ನಮ್ಮವನದ್ದು 18, 20, 19 ಹೀಗೇ ಇರುತ್ತಿತ್ತು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನಮ್ಮ ಅತ್ತೆ ಅದನ್ನೂ ಬರೆಯುತ್ತಿದ್ದರು. ಒಂದು ವಾರ 24, 27, 29 ಆಯಿತು. ನಾಯಿ ಊಟ ಮಾಡುತ್ತಿತ್ತು, ಬಾಲ ಆಡಿಸುತ್ತಿತ್ತು, ನನಗೆ ಏನೂ ಗೊತ್ತಾಗಲಿಲ್ಲ. ಅತ್ತೆ ಮಾತ್ರ ‘ಇದು ಸರಿ ಇಲ್ಲ, ಕರ್ಕೊಂಡು ಹೋಗು’ ಅಂದರು. 36 ಆದ ದಿನ ಎಕ್ಸ್‌ರೇ ತೆಗೆದರೆ ನೀರು ಸೇರಲು ಶುರುವಾಗಿತ್ತು. ನೀರು ಇಳಿಸುವ ಲೇಸಿಕ್ಸ್ ಮಾತ್ರೆ ಕೊಟ್ಟ ಮೇಲೆ ಎರಡು ದಿನದಲ್ಲಿ ಮತ್ತೆ 22. ಆಕ್ಸಿಜನ್ ಪೆಟ್ಟಿಗೆಗೆ ಹೋಗುವ ಗತಿಯೇ ಬರಲಿಲ್ಲ.

ಇನ್ನೊಂದು, ಕೆಮ್ಮು. ಮೊದಲು ನಾವು ಹೋಗುತ್ತಿದ್ದ ಒಂದು ಕ್ಲಿನಿಕ್ಕಿನಲ್ಲಿ ಕೆಮ್ಮು ಅಂದ ತಕ್ಷಣ ಎಕ್ಸ್‌ರೇ ಇಲ್ಲದೆ ಲೇಸಿಕ್ಸ್ ಬರೆದುಕೊಟ್ಟರು. ಕೆಮ್ಮು ಹೋಗಲಿಲ್ಲ, ನಾಯಿ ರಾತ್ರಿಯೆಲ್ಲ ನೀರು ಕುಡಿದು ಮನೆ ತುಂಬ ಉಚ್ಚೆ. ಆಮೇಲೆ ಬೇರೆ ಡಾಕ್ಟರ್ ಹೇಳಿದರು, ದೊಡ್ಡದಾದ ಹೃದಯ ಶ್ವಾಸನಾಳವನ್ನು ಒತ್ತಿದರೂ ಕೆಮ್ಮು ಬರುತ್ತದೆ, ಅದು ಫೇಲ್ಯೂರ್ ಅಲ್ಲ ಅಂತ.


ಗದ್ದೆಮನೆ, ತೀರ್ಥಹಳ್ಳಿ

ಇಷ್ಟೆಲ್ಲ ಅಳತೆ ಎಣಿಕೆ ಬೇಕಾ? ನಮ್ಮ ಮನೆಯಲ್ಲಿ ನಾಯಿಗಳು ಮೊದಲಿಂದಲೂ ಇವೆ, ಯಾವುದಕ್ಕೂ ಎಕೋ ಮಾಡಿಸಿಲ್ಲ. ಇರುವಷ್ಟು ದಿನ ಇರುತ್ತವೆ, ಹೋಗುವ ದಿನ ಹೋಗುತ್ತವೆ. ಬೆಂಗಳೂರಿಗೆ ಕಾರು ಮಾಡಿಕೊಂಡು ಹೋಗಿ ಅದನ್ನು ಹೆದರಿಸಿ ಮಷಿನ್ ಕೆಳಗೆ ಮಲಗಿಸುವುದು ಯಾರ ಸಮಾಧಾನಕ್ಕೆ? ಸಿಟ್ಟು ಮಾಡ್ಕೋಬೇಡಿ, ಅನಿಸಿದ್ದು ಹೇಳಿದೆ.


ಹೆಬ್ಬಾಳದ_ಹಳೇಹುಡುಗ

ಗದ್ದೆಮನೆಯವರೇ, ಸಿಟ್ಟೇನಿಲ್ಲ. ನಿಮ್ಮ ತೋಟದ ನಾಯಿಗಳು 20 ಕೆಜಿ ಮೇಲಿದ್ದರೆ ಅವಕ್ಕೆ ಈ ಕಾಯಿಲೆ ಬರುವುದು ಕಡಿಮೆಯೇ, ಇದು ಮುಖ್ಯವಾಗಿ ಚಿಕ್ಕ ನಾಯಿಗಳ ಕಾಯಿಲೆ. ಹಾಗಾಗಿ ನಿಮ್ಮ ಅನುಭವ ಸುಳ್ಳಲ್ಲ. ಆದರೆ ಎಕೋ ಮಾಡಿಸುವುದು ಸಮಾಧಾನಕ್ಕಲ್ಲ. ಬಿ1 ನಾಯಿಗೆ ಔಷಧಿ ಬೇಡ, ಬಿ2 ನಾಯಿಗೆ ಬೇಕು. ಹೊರಗಿಂದ ನೋಡಿದರೆ ಎರಡೂ ಒಂದೇ. ಆ ವ್ಯತ್ಯಾಸ ತಿಳಿಯಲು ಎಕೋ. ಎಕೋ ಸಿಗದ ಊರಲ್ಲಿ ಒಳ್ಳೇ ಎಕ್ಸ್‌ರೇ ಒಂದರಿಂದಲೂ ಸಾಕಷ್ಟು ಹೇಳಬಹುದು, ವಿಎಚ್‌ಎಸ್ 11.5 ದಾಟಿದ್ದರೆ ಎಕೋ ಇಲ್ಲದೆಯೂ ಔಷಧಿ ಶುರು ಮಾಡುವುದು ತಪ್ಪಲ್ಲ.

ಹುಬ್ಬಳ್ಳಿಯವರು ಹೇಳಿದ ಉಸಿರಿನ ಲೆಕ್ಕಕ್ಕೆ ನೂರಕ್ಕೆ ನೂರು ಅಂಕ. ಎಪಿಕ್‌ನಲ್ಲಿ ಫೇಲ್ಯೂರ್ ಆದ ನಾಯಿಗಳ ದಾಖಲೆಗಳನ್ನು ಆಮೇಲೆ ಹಿಂದಕ್ಕೆ ತಿರುವಿ ನೋಡಿದಾಗ, ಫೇಲ್ಯೂರಿಗೆ ಮುಂಚೆಯೇ ಉಸಿರಾಟ, ಹೃದಯ ಬಡಿತ ಏರುತ್ತಿದ್ದದ್ದು, ತೂಕ ಇಳಿಯುತ್ತಿದ್ದದ್ದು ಕಂಡಿತು.

ಕೆಮ್ಮಿನ ವಿಷಯ ಸ್ಪಿಟ್ಜ್ ಸಾಕಿದವರು ಇನ್ನೂ ಗಟ್ಟಿಯಾಗಿ ನೆನಪಿಡಬೇಕು. ಈ ಚಿಕ್ಕ ನಾಯಿಗಳಲ್ಲಿ ಶ್ವಾಸನಾಳ ಚಪ್ಪಟೆಯಾಗುವ ತೊಂದರೆಯೂ ಇರುತ್ತದೆ, ಖುಷಿಯಾದಾಗ ಹೆಬ್ಬಾತು ಕೂಗಿದ ಹಾಗೆ ಕೆಮ್ಮುತ್ತವೆ. ಮರ್ಮರ್ ಇದೆ, ಕೆಮ್ಮೂ ಇದೆ ಅಂದ ಮಾತ್ರಕ್ಕೆ ಎರಡಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಮಲಗಿದಾಗಿನ ಉಸಿರು 20 ಇದ್ದು ಕೆಮ್ಮುತ್ತಿದ್ದರೆ ಶ್ವಾಸಕೋಶದಲ್ಲಿ ನೀರಿರುವ ಸಾಧ್ಯತೆ ಕಡಿಮೆ.

ಮುಂದೇನಾಗಬಹುದು ಅನ್ನುವುದಕ್ಕೆ ನಾನು ನೋಡುವ ಇನ್ನೂ ಕೆಲವು ವಿಷಯ ಇವೆ. ಇಟಲಿ ಕಡೆಯ ಒಂದು ಹಳೇ ಅಧ್ಯಯನ, 2008ರದ್ದು, 558 ನಾಯಿಗಳದ್ದು. ಅದರಲ್ಲಿ ಎಲ್ಲಾ ಅಂಶಗಳನ್ನು ಒಟ್ಟಿಗೆ ಹಾಕಿ ಜಾಲಾಡಿದ ಮೇಲೆ, ಬೇಗ ಸಾಯುವ ಅಪಾಯ ತೋರಿಸುವುದರಲ್ಲಿ ಉಳಿದದ್ದು ಮೂರು: ಮೂರ್ಛೆ ಹೋಗುವುದು, ಎಲ್‌ಎ-ಎಒ 1.7ಕ್ಕಿಂತ ಜಾಸ್ತಿ ಇರುವುದು, ಇ-ವೇವ್ 1.2ಕ್ಕಿಂತ ಜಾಸ್ತಿ ಇರುವುದು. ಚಿನ್ನಿಯ 1.72 ಆ ಗೆರೆಯ ಮೇಲೇ ಕೂತಿದೆ. ಅಳೆಯುವವರ ಕೈ ಸ್ವಲ್ಪ ಆಚೀಚೆ ಆದರೆ 1.6 ಅಥವಾ 1.8 ಬರುತ್ತದೆ, ಹಾಗಾಗಿ ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇ-ವೇವ್ 1.05 ಇರುವುದು ಒಳ್ಳೇ ಸುದ್ದಿ. ಮೇಲಿನ ಕೋಣೆಯಲ್ಲಿ ಒತ್ತಡ ಏರಿದಾಗ ರಕ್ತ ಕೆಳಕ್ಕೆ ನುಗ್ಗುವ ವೇಗ ಏರುತ್ತದೆ, ಅದನ್ನೇ ಇ-ವೇವ್ ಅಳೆಯುವುದು. ಕೋಣೆ ಎಷ್ಟು ಹಿಗ್ಗಿದೆ ಅನ್ನುವುದಕ್ಕಿಂತ ಒಳಗೆ ಎಷ್ಟು ಒತ್ತಡ ಇದೆ ಅನ್ನುವುದು ನನಗೆ ಹೆಚ್ಚು ಮುಖ್ಯ.


ಟೀ_ಬಿಸ್ಕೆಟ್, ಹರ್ಟ್‌ಫರ್ಡ್‌ಶೈರ್

ಇಂಗ್ಲೆಂಡಿನಿಂದ ಒಬ್ಬ ಮಂಡ್ಯದವನು. ಇಲ್ಲಿ ಈ ಕಾಯಿಲೆ ಅಂದರೆ ಜನರಿಗೆ ಮೊದಲು ನೆನಪಾಗುವುದು ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್. ಬೇರೆ ತಳಿಗಳಿಗೆ ಮುದಿ ವಯಸ್ಸಿನಲ್ಲಿ ಬರುವುದು ಇವಕ್ಕೆ 5, 6 ವರ್ಷಕ್ಕೇ ಬರುತ್ತದೆ. ನಮ್ಮದೂ ಅದೇ ತಳಿ. ನಾರ್ವೆಯ ಸುಪ್ರೀಂ ಕೋರ್ಟ್ 2023ರಲ್ಲಿ ಆ ತಳಿಯನ್ನು ಅಲ್ಲಿ ಬೆಳೆಸುವುದು ಪ್ರಾಣಿ ಕಲ್ಯಾಣ ಕಾನೂನಿಗೆ ವಿರುದ್ಧ ಅಂತಲೇ ಹೇಳಿಬಿಟ್ಟಿತು.

ಆಪರೇಷನ್ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೆ ಬರೆದೆ. ಈಗ ನಾಯಿಗಳಿಗೂ ಓಪನ್ ಹಾರ್ಟ್ ಮಾಡಿ ವಾಲ್ವ್ ರಿಪೇರಿ ಮಾಡುತ್ತಾರೆ. ಜಪಾನಿನ ಯೊಕೊಹಾಮದಲ್ಲಿ ಮಸಾಮಿ ಉಯೆಚಿ ಅನ್ನುವ ಡಾಕ್ಟರ್ ಇದನ್ನು ದೊಡ್ಡ ಮಟ್ಟಕ್ಕೆ ತಂದವರು. ಹರಿದ ದಾರಕ್ಕೆ ಕೃತಕ ದಾರ ಹಾಕಿ, ಹಿಗ್ಗಿದ ಉಂಗುರ ಬಿಗಿ ಮಾಡುತ್ತಾರೆ. ಇಲ್ಲಿ ರಾಯಲ್ ವೆಟರ್ನರಿ ಕಾಲೇಜಿನಲ್ಲೂ ಮಾಡಿದ್ದಾರೆ. ಹೃದಯ ನಿಲ್ಲಿಸದೆ ಎದೆಯಲ್ಲಿ ಸಣ್ಣ ತೂತು ಮಾಡಿ ಕ್ಲಿಪ್ ಹಾಕುವ ಇನ್ನೊಂದು ವಿಧಾನವೂ ಬಂದಿದೆ, ಅಮೆರಿಕದ ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯವರು ಮಾಡುತ್ತಿದ್ದಾರೆ. ಖರ್ಚು ಕೇಳಬೇಡಿ, ಊರಲ್ಲಿ ಸೈಟಿನ ಮಾತಾಡಿದ ಹಾಗೆ ಇರುತ್ತದೆ. 11 ವರ್ಷದ ಬಿ2 ನಾಯಿಗೆ ಇದು ಬೇಕು ಅಂತ ನಾನು ಹೇಳುತ್ತಿಲ್ಲ. ನಾವೂ ಬೇಡ ಅಂದುಕೊಂಡೆವು.


ಚಿನ್ನಿಯ_ಅಕ್ಕ, ತುಮಕೂರು

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಗರ್ಭಕೋಶ ತೆಗೆಸಿದೆ, ಚಿಕ್ಕವಳಿದ್ದಾಗಲೇ.

ನಿನ್ನೆ ರಾತ್ರಿ ಮಲಗಿದಾಗ ಎಣಿಸಿದೆ. ಒಂದು ಸಲ 21, ಇನ್ನೊಂದು ಸಲ 19. ಅಮ್ಮನಿಗೂ ತೋರಿಸಿಕೊಟ್ಟೆ, ಅಮ್ಮ 38 ಅಂದರು, ಮೇಲೆ ಹೋಗಿದ್ದಕ್ಕೊಂದು ಕೆಳಗೆ ಬಂದಿದ್ದಕ್ಕೊಂದು ಎಣಿಸಿದ್ದಾರೆ. ಈಗ ಸರಿ ಆಗಿದೆ.

ಹೋಗುವುದು ಅಂತ ಹೆಚ್ಚು ಕಡಿಮೆ ತೀರ್ಮಾನ ಮಾಡಿದ್ದೇನೆ, ಆದರೆ ಆರು ತಿಂಗಳ ಎಕೋ ಮುಗಿಸಿಕೊಂಡು ಹೋಗಲು ಸಾಧ್ಯವಾ ಅಂತ ಕಂಪನಿಯವರನ್ನು ಕೇಳುತ್ತೇನೆ. ಎರಡನೇ ಅಳತೆ ಇದ್ದರೆ ವೇಗ ಗೊತ್ತಾಗುತ್ತದೆ ಅಂದಿರಿ ಅಲ್ವಾ.

ಡಾಕ್ಟರೇ, ಮೂರು ಪ್ರಶ್ನೆ ಉಳಿದಿವೆ. ಆ ಎಕೋದಲ್ಲಿ ಏನೇನು ಕೇಳಿ ಬರೆಸಿಕೊಳ್ಳಬೇಕು? ಲ್ಯಾಬಿನವರು ಎನ್‌ಟಿ-ಪ್ರೊಬಿಎನ್‌ಪಿ ಅಂತ ಒಂದು ರಕ್ತ ಪರೀಕ್ಷೆ ಹೇಳಿದರು, ಮಾಡಿಸಬೇಕಾ? ಮತ್ತೆ ಅಪ್ಪ ಎದ್ದ ತಕ್ಷಣ ಅವಳಿಗೆ ಅನ್ನ ಮೊಸರು ಹಾಕಿಬಿಡುತ್ತಾರೆ, ಮಾತ್ರೆ ಅದರಲ್ಲೇ ಬೆರೆಸಿದರೆ ನಡೆಯುತ್ತಾ?


ಹೆಬ್ಬಾಳದ_ಹಳೇಹುಡುಗ

ಅಮ್ಮನಿಗೆ ಎಣಿಕೆ ಈಗಲೇ ತೋರಿಸಿಕೊಟ್ಟದ್ದು ಒಳ್ಳೇದಾಯಿತು. ನೀವು ಹೋದ ಮೇಲೆ ಆ 38 ಬಂದಿದ್ದರೆ ಮಧ್ಯರಾತ್ರಿ ಆಸ್ಪತ್ರೆಗೆ ಓಡುತ್ತಿದ್ದರು.

ಎಕೋದಲ್ಲಿ ನಾಲ್ಕು ಸಂಖ್ಯೆ ಕೇಳಿ: ಎಲ್‌ಎ-ಎಒ, ತೂಕಕ್ಕೆ ಹೊಂದಿಸಿದ ವೆಂಟ್ರಿಕಲ್ ಅಳತೆ, ಇ-ವೇವ್, ಮತ್ತೆ ಫ್ರಾಕ್ಷನಲ್ ಶಾರ್ಟನಿಂಗ್ (ಪ್ರತಿ ಬಡಿತಕ್ಕೆ ವೆಂಟ್ರಿಕಲ್ ಎಷ್ಟು ಕುಗ್ಗುತ್ತದೆ ಅನ್ನುವುದು). ನಾಲ್ಕನೆಯದು ನೀವು ಬರೆದದ್ದರಲ್ಲಿ ಇಲ್ಲ. ಈ ನಾಲ್ಕನ್ನೂ ಕೂಡಿಸಿ ಅಂಕ ಕೊಡುವ ಮೈನ್ ಸ್ಕೋರ್ ಅನ್ನುವುದು 2021ರಲ್ಲಿ ಬಂದಿದೆ. ಆ ಅಧ್ಯಯನದಲ್ಲಿ ಸೌಮ್ಯ ಗುಂಪಿನ ನಾಯಿಗಳು ಬದುಕಿದ ದಿನಗಳ ಮೀಡಿಯನ್ 2344 ದಿನ, ಮಧ್ಯಮ ಗುಂಪಿನದು 1882, ತೀವ್ರ ಗುಂಪಿನದು 623, ಕೊನೆ ಹಂತದವುಗಳದ್ದು 157. ಮಧ್ಯಮದಿಂದ ತೀವ್ರಕ್ಕೆ ಹೋದಾಗ ಹೇಗೆ ಒಮ್ಮೆಲೇ ಇಳಿಯುತ್ತದೆ ನೋಡಿ. ಅದಕ್ಕೇ ಯಾವ ಗುಂಪು ಅನ್ನುವುದಕ್ಕಿಂತ, ಗುಂಪು ಬದಲಾಯಿತಾ ಅನ್ನುವುದನ್ನು ನಾನು ನೋಡುತ್ತೇನೆ. ಆದಷ್ಟು ಅದೇ ಜಾಗದಲ್ಲಿ, ಅದೇ ಕೈಯಿಂದ ಮಾಡಿಸಿ. ಬೇರೆಯವರು ಅಳೆದರೆ ಬದಲಾಗಿದ್ದು ಹೃದಯವೋ ಅಳೆಯುವ ರೀತಿಯೋ ಗೊತ್ತಾಗುವುದಿಲ್ಲ.

ಹೃದಯದ ಮೇಲಿನ ಒತ್ತಡ ತೋರಿಸುವ ಆ ರಕ್ತ ಪರೀಕ್ಷೆ ಒಳ್ಳೆಯದೇ, 1500 ದಾಟಿದರೆ ಅಪಾಯ ಜಾಸ್ತಿ ಅಂತ ಲೆಕ್ಕ. ಆದರೆ ಎಕೋ ಆಗಿರುವ ನಾಯಿಗೆ ಅದರಿಂದ ಹೊಸದಾಗಿ ತಿಳಿಯುವುದು ಕಡಿಮೆ, ಸ್ಯಾಂಪಲ್ ಸರಿಯಾಗಿ ತಣ್ಣಗಿಟ್ಟು ಕಳಿಸದಿದ್ದರೆ ಸಂಖ್ಯೆ ಸುಳ್ಳು ಹೇಳುತ್ತದೆ. ದುಡ್ಡು ಒಂದಕ್ಕೇ ಇದ್ದರೆ ಆರು ತಿಂಗಳ ಎಕೋಗೆ ಇಡಿ. ಅದರ ಜೊತೆ ಕಿಡ್ನಿ ಸ್ಥಿತಿ ಹೇಳುವ ಕ್ರಿಯಾಟಿನಿನ್, ಮತ್ತೆ ಪೊಟ್ಯಾಸಿಯಂ ನೋಡಿಸಿಟ್ಟಿರಿ. ಮುಂದೆ ಲೇಸಿಕ್ಸ್ ಬೇಕಾದರೆ ಹೋಲಿಸಲು ಹಳೇ ಸಂಖ್ಯೆ ಬೇಕಾಗುತ್ತದೆ.

ಮಾತ್ರೆ ಊಟಕ್ಕೆ ಒಂದು ಗಂಟೆ ಮುಂಚೆ, ಬೆಳಿಗ್ಗೆ ಸಂಜೆ ನಡುವೆ ಸುಮಾರು 12 ಗಂಟೆ. ಅನ್ನದ ಜೊತೆ ಹೋದರೆ ಮೈಗೆ ಹಿಡಿಯುವುದು ಕಡಿಮೆ. ಅಪ್ಪ ಎದ್ದ ತಕ್ಷಣ ಮೊದಲು ಮಾತ್ರೆ ಕೊಟ್ಟು, ಕಾಫಿ ಕುಡಿದು ಪೇಪರ್ ಓದಿ ಮುಗಿಸಿ, ಆಮೇಲೆ ಅನ್ನ ಹಾಕಲಿ. ಮೊಸರಿಗೆ ಉಪ್ಪು ಬೇಡ. ಒಂದು ಹೊತ್ತು ಮರೆತರೆ ಮುಂದಿನ ಸಲ ಎರಡು ಕೊಡಬಾರದು ಅಂತ ಮಾತ್ರೆ ಡಬ್ಬಿ ಮೇಲೇ ಬರೆದಿಡಿ.

ಮೂರ್ಛೆ ಹೋದರೆ, ಮಲಗಿದಾಗಿನ ಉಸಿರು 30 ದಾಟಿ ಇಳಿಯದೇ ಇದ್ದರೆ, ನಾಲಿಗೆ ನೀಲಿಯಾದರೆ, ಅಪ್ಪ ನಿಮಗೆ ಫೋನ್ ಮಾಡುವ ಮುಂಚೆ ಡಾಕ್ಟರಿಗೆ ಮಾಡಬೇಕು. ತುಮಕೂರಿನಲ್ಲಿ ರಾತ್ರಿ ಎಕ್ಸ್‌ರೇ ತೆಗೆಯುವವರು ಯಾರು, ಆಕ್ಸಿಜನ್ ಎಲ್ಲಿದೆ ಅಂತ ನೀವು ಹೊರಡುವ ಮುಂಚೆ ವಿಚಾರಿಸಿ ನಂಬರ್ ಫ್ರಿಜ್ ಮೇಲೆ ಅಂಟಿಸಿ.


ಉದ್ದನಾಯಿ_ಹುಬ್ಬಳ್ಳಿ

ಮತ್ತೆ ದೀಪಾವಳಿ ರಾತ್ರಿ ಎಣಿಸಬೇಡಿ ಅಂತ ಅಮ್ಮನಿಗೆ ಹೇಳಿ. ಪಟಾಕಿಗೆ ಹೆದರಿದ ನಾಯಿಯ ಲೆಕ್ಕ ಲೆಕ್ಕವೇ ಅಲ್ಲ. ಮಾರನೇ ದಿನ ಮಧ್ಯಾಹ್ನ ಮಲಗಿದಾಗ ನೋಡಿದರೆ ಸಾಕು.